ರುಚಿ ನೋಡದ ಮೀನುಸಾರು

ಶುಕ್ರವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು ಬಂದ ನಮ್ಮವ್ವ ಪುಟ್ಟತಾಯಮ್ಮ, ಮಧ್ಯಾಹ್ನ ಮೊಮ್ಮಗಳು ಗಗನಳ ಲಂಗ ಹೊಲಿಯುತ್ತಾ ಮಿಷನ್ನಿನ ಮೇಲೆಯೇ ತಲೆಯಿಟ್ಟು ಹೋಗಿಬಿಟ್ಟಳು. ಎಪ್ಪತ್ತೊಂದು ವರ್ಷ. ಒಂದು ದಿನ ಮೈ ಸರಿಯಿಲ್ಲವೆಂದು ಮಲಗಿದವಳಲ್ಲ. ಅಶೋಕಪುರಂನ ನಮ್ಮ ಬೀದಿಯ ರವಿಕೆಗಳೆಲ್ಲ ಅವಳ ಕೈಯವೇ; ಭಜನೆಗೆ ಹೆಂಗಸರನ್ನು ಗದರಿಸಿ ಹೊರಡಿಸುತ್ತಿದ್ದವಳೂ ಅವಳೇ.

ಅಂಥವಳು ಇಲ್ಲವೆಂಬುದನ್ನೇ ನಾನಿನ್ನೂ ನಂಬಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಪದ್ಮಾವತಿ ಹನ್ನೊಂದನೆಯ ದಿನದ ಎಡೆಗೆ ಏನು ಮಾಡೋಣವೆಂದು ಕೇಳಿದಳು. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಫೋಟೊ ಮುಂದೆ ಇಡುವುದು ನಮ್ಮಲ್ಲಿ ವಾಡಿಕೆ. ನಲವತ್ತೈದು ವರ್ಷ ಅವಳ ಕೈಯಡುಗೆ ಉಂಡ ನನಗೆ ಅವಳಿಗೇನಿಷ್ಟ ಎಂಬುದೇ ಗೊತ್ತಿರಲಿಲ್ಲ.

ಅವಳ ಜೊತೆ ಬೆಟ್ಟ ಹತ್ತುತ್ತಿದ್ದ ಎದುರುಮನೆಯ ಭಾಗ್ಯಮ್ಮನವರನ್ನು ಕೇಳಿದೆ.

"ಮೀನು ಕಣೋ ಮಹದೇವು," ಎಂದರು.

ನಾನು ದಂಗಾದೆ. ಅವ್ವ ಮೀನು ತಿಂದದ್ದನ್ನು ಕಂಡೇ ಇರಲಿಲ್ಲ. ದೇವರ ವಾರವೆಂದು ವ್ರತ ಮಾಡುವವಳು, ಅವಳಿಗೆ ಒಗ್ಗುವುದಿಲ್ಲ ಎಂದುಕೊಂಡಿದ್ದೆ.

"ನಿಂಗೆ ಮೂರು ವರ್ಷ ಇದ್ದಾಗ ಜ್ವರ ಬಂದು ಡಾಕ್ಟ್ರೇ ಕೈಬಿಟ್ಟಿದ್ರು. ಮಗ ಉಳುದ್ರೆ ಸಾಯೋಗಂಟ ಮೀನು ಬಾಯಿಗಿಕ್ಕಲ್ಲ ಅಂತ ಬೆಟ್ಟದ ತಾಯಿಗೆ ಹರಕೆ ಹೊತ್ಬುಟ್ಲು. ಮೀನು ಅಂದ್ರೆ ಪ್ರಾಣ ಅವ್ಳಿಗೆ. ನಿಂಗೆ ಹೇಳಬ್ಯಾಡ ಅಂದಿದ್ಲು, ಗೊತ್ತಾದ್ರೆ ನೀನೂ ಬಿಟ್ಬುಟ್ಟೀಯ ಅಂತ."

ಪ್ರತಿ ಭಾನುವಾರ ಮೀನು ತಂದು ಅವಳ ಮುಂದೆ ಸುರಿಯುತ್ತಿದ್ದವನು ನಾನು. ಉಜ್ಜಿ ತೊಳೆದು, ಹುಣಸೆಹುಳಿ ಕಿವುಚಿ ಸಾರು ಮಾಡುತ್ತಿದ್ದಳು. ರುಚಿ ನೋಡದೆ ಉಪ್ಪು ಇಷ್ಟು ಸರಿಯಾಗಿ ಹೇಗೆ ಹಾಕುತ್ತೀಯೆಂದು ರೇಗಿಸಿದರೆ, ವಾಸನೆಯಲ್ಲೇ ತಿಳಿಯುತ್ತದೆಂದು ನಗುತ್ತಿದ್ದಳು. ಮುಳ್ಳು ಜಾಸ್ತಿ ಎಂದು ಎಷ್ಟೋ ಸಲ ಅರ್ಧಕ್ಕೇ ಬಿಟ್ಟು ಎದ್ದಿದ್ದೇನೆ. ಆ ತಟ್ಟೆ ಎತ್ತಿ ಬೆಕ್ಕಿಗೆ ಹಾಕುತ್ತಿದ್ದವಳೂ ಅವಳೇ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಎಡೆಗೆ ಮೀನಿಟ್ಟರೆ ಅವಳ ಹರಕೆ ಮುರಿದಂತಾಗುವುದೇ ಎಂದು ಹೆದರಿ ಕೇಳಿದೆ.

"ಸಾಯೋಗಂಟ ಅಂದಿದ್ಲು. ತೀರಿಸ್ಬುಟ್ಲಲ್ಲಪ್ಪ. ಇಕ್ಕು," ಎಂದರು ಭಾಗ್ಯಮ್ಮ.

ಹನ್ನೊಂದನೆಯ ದಿನ ಸಾರು ನಾನೇ ಮಾಡಿದೆ. ಕುದಿ ಬಂದಾಗ ಉಪ್ಪು ನೋಡಲು ಸೌಟು ಎತ್ತಿದೆ. ಪದ್ಮಾವತಿ ಕೈ ಹಿಡಿದಳು. ಎಡೆಗಿಡುವುದನ್ನು ಮೊದಲೇ ನಾವು ಬಾಯಿಗೆ ಹಾಕುವಂತಿಲ್ಲ.

ಸೌಟು ಕೆಳಗಿಟ್ಟು ಪಾತ್ರೆಯ ಮೇಲೆ ಬಗ್ಗಿ, ಅವ್ವನ ಹಾಗೆ ವಾಸನೆ ನೋಡಿದೆ. ಹುಣಸೆಯ ಹುಳಿ ಮೂಗಿಗೆ ಬಡಿಯಿತು. ಮತ್ತೆ ಬಗ್ಗಿದೆ. ಉಪ್ಪು ಸಾಕೋ ಸಾಲದೋ ನನಗೆ ತಿಳಿಯಲಿಲ್ಲ.