ಬೆಂಕಿಬೆಟ್ಟದ ಐರಣೆ

ಜವರಯ್ಯ ಯುದ್ಧಕ್ಕೆ ಹೋಗಿದ್ದು ನಿಜ. ಆದರೆ ಗುಂಡು ಹೊಡೆಯಲಿಕ್ಕಲ್ಲ, ಸಿಪಾಯಿಗಳಿಗೆ ಬೇಳೆ ಬೇಯಿಸಲಿಕ್ಕೆ. ಇಟಲಿಯಲ್ಲಿ ಲಾರಿಯ ಹಿಂದೆ ಕೂತು, ದೂರದಲ್ಲಿ ಒಂದು ಬೆಟ್ಟ ಬೆಂಕಿ ಕಾರುವುದನ್ನು ನೋಡಿದ್ದನಂತೆ. ಅಷ್ಟಕ್ಕೇ ಏನು ಜಂಬ! ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ ಅದು. ಫ್ರೇಸರ್‌ಪೇಟೆ ಸಂತೆಯಲ್ಲಿ ಅನ್ನದ ಮಡಕೆ ಕೇಳಿ ಬಂದವರಿಗೂ ಈ ಕುಂಬಾರ, ಕಲ್ಲು ಕರಗಿ ಹೊಳೆಯಾಗಿ ಹರಿದ ಕಥೆ ಹೇಳಿ ಕಳಿಸುತ್ತಿದ್ದ. ಹೆಂಡತಿ ಚಲುವಮ್ಮನಿಗೆ ಮೈಯೆಲ್ಲ ಉರಿ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ಇವನದು ಬಾಯೇ ಕೆಸರು ಎಂದು ಗೊಣಗುತ್ತಿದ್ದಳು.

ಪಟೇಲ ಪರಮೇಶಪ್ಪ ಮಗಳ ಮದುವೆಗೆ ಐರಣೆ ಮಾಡಲು ಹೇಳಿಕಳಿಸಿದ. ಐರಣೆಯೆಂದರೆ ಸುಣ್ಣ ಬಳಿದು ಚಿತ್ರ ಬರೆದ ಮದುವೆಯ ಮಡಕೆಗಳು. ಹೆಣ್ಣಿನ ಮನೆಯ ಮುತ್ತೈದೆಯರು ವಾಲಗದೊಂದಿಗೆ ಕುಂಬಾರರ ಮನೆಗೇ ಬಂದು, ಮನೆಯಾಕೆಗೆ ಅರಿಶಿನ ಕುಂಕುಮ ಕೊಟ್ಟು, ಮಡಿಲು ತುಂಬಿ ಅವನ್ನು ಒಯ್ಯಬೇಕು. ವರ್ಷವೆಲ್ಲ ಅವರ ಅಂಗಳದಾಚೆ ನಿಂತು ಮಡಕೆ ಮಾರುವ ಚಲುವಮ್ಮನ ಬಾಗಿಲಿಗೆ ಅವರು ಬರುವುದು ಅದೊಂದೇ ದಿನ. ಅವಳಿಗೆ ಬೇಕಾದದ್ದೂ ಅದೊಂದೇ.

ಈ ಮಹಾನುಭಾವ ಮಾಡಿದ್ದೇನು? ಮಡಕೆಗಳ ಕೊರಳಿನಿಂದ ಬುಡದವರೆಗೆ ಹಸಿಮಣ್ಣನ್ನು ಗಂಟುಗಂಟಾಗಿ ಇಳಿಸಿ, ಮಡಕೆ ಸುಡುವ ಆವಿಗೆಯಲ್ಲಿ ಹೊಗೆ ಕಟ್ಟಿಸಿ ಕಪ್ಪಗೆ ಸುಟ್ಟು, ಗಂಟುಗಳಿಗೆ ಕೆಮ್ಮಣ್ಣು ಬಳಿದ. ಬೆಂಕಿಬೆಟ್ಟವಂತೆ.

"ಮಸಣಕ್ಕೆ ಒಯ್ಯೋ ಮಡಕೆ ಮಾಡಿ ಮಡಗಿದೀಯ. ಇದನ್ನ ಕಂಡು ನಂಗೆ ಕುಂಕುಮ ಇಟ್ಟಾರಾ?" ಎಂದಳು ಚಲುವಮ್ಮ.

ಇಂಥದ್ದು ಈ ಸೀಮೆಯಲ್ಲೇ ಇಲ್ಲ, ನೋಡಿದವರು ಬಾಯಿ ಮೇಲೆ ಬೆರಳಿಡುತ್ತಾರೆ ಎಂದು ಹೇಳಿ, ಜವರಯ್ಯ ಹಳೆಯ ಮಿಲಿಟರಿ ಕೋಟು ಹಾಕಿಕೊಂಡು ಮಧ್ಯಾಹ್ನ ವಾಲಗ ಬರುವುದರೊಳಗೆ ಕ್ಷೌರ ಮಾಡಿಸಿಕೊಂಡು ಬರಲು ಪೇಟೆಗೆ ಹೊರಟ.

ಅವನು ಬೆನ್ನು ತಿರುಗಿಸಿದ್ದೇ ತಡ, ಚಲುವಮ್ಮ ಸುಣ್ಣದ ಗಡಿಗೆ ಎಳೆದಳು. ಕೈತುಂಬ ತೆಗೆದು ಮೆತ್ತಿದಳು. ಕಪ್ಪೂ ಮುಚ್ಚಿತು, ಕೆಂಪೂ ಮುಚ್ಚಿತು. ಬಿಸಿಲಿಗೆ ಒಣಗಿಸಿ, ಮೇಲೆ ಸೂರ್ಯ ಚಂದ್ರರನ್ನು ಬರೆದಳು.

ಮಧ್ಯಾಹ್ನ ವಾಲಗ ಬಂತು. ಪಟೇಲನ ಹೆಂಡತಿ ರಂಗಮ್ಮ ಚಲುವಮ್ಮನ ಹಣೆಗೆ ಕುಂಕುಮವಿಟ್ಟು ಮಡಿಲು ತುಂಬಿದಳು. ಅಷ್ಟರಲ್ಲಿ ಜವರಯ್ಯ, ಹೊಗಳಿಸಿಕೊಳ್ಳಲು ಎದೆಯುಬ್ಬಿಸಿ ಬಂದು ನಿಂತ. ಮಡಕೆಗಳನ್ನು ಕಂಡ. ಇವನೀಗ ಬಾಯಿ ಬಿಟ್ಟರೆ ಎಲ್ಲ ಹೋಯಿತು ಎಂದು ಚಲುವಮ್ಮ ಮಡಿಲ ಸೆರಗನ್ನು ಬಿಗಿಯಾಗಿ ಹಿಡಿದಳು.

ರಂಗಮ್ಮ ಒಂದು ಮಡಕೆಯನ್ನು ಸವರಿದಳು.

"ಇದೇನೋ ಜವರಯ್ಯ, ಕೈಗೆ ಉಬ್ಬುಬ್ಬು ಸಿಗ್ತದೆ?"

ಅವನು ಹೆಂಡತಿಯ ಹಣೆ ನೋಡಿದ.

"ಮಲ್ಲಿಗೆ ಮೊಗ್ಗು ಕಣ್ರವ್ವಾ," ಎಂದು ಮಡಕೆ ಎತ್ತಿ ಕೊಟ್ಟ.

ಚಲುವಮ್ಮನ ಮಡಿಲು ತುಂಬಿತ್ತು. ಗಂಡನ ಮುಖ ನೋಡಲು ಮಾತ್ರ ಅವಳಿಂದ ಆಗಲಿಲ್ಲ.