ಪಲ್ಲಡಂ ರಸ್ತೆಯಲ್ಲಿ ಮನೆ ನೋಡಿ ಬಂದದ್ದು

ಅಣ್ಣನೂ ನಾನೂ ಸಿಂಗಾನಲ್ಲೂರು ನಿಲ್ದಾಣದಲ್ಲಿ ಬಸ್ಸು ಹತ್ತಿದಾಗ ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ಅಣ್ಣನ ಮಗಳು ನಿತ್ಯಾಳಿಗೆ ತಿರುಪ್ಪೂರಿನ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗ, ಹುಡುಗಿ ಆರ್.ಎಸ್. ಪುರಂನಲ್ಲಿರುವ ಅಣ್ಣನ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಇನ್ನು ಹೆಣ್ಣಿನ ಕಡೆಯವರು ಹುಡುಗನ ಮನೆ ನೋಡಿ ಬರಬೇಕಿತ್ತು. ಅದಕ್ಕೆ ಹುಡುಗಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅತ್ತಿಗೆಗೆ ಮಂಡಿನೋವು, ಹಾಗಾಗಿ ಅವರ ಬದಲು ನಾನು ಹೊರಟೆ.

"ಅಪ್ಪ ಗೋಡೆ ನೋಡ್ತಾರೆ. ನೀವು ಅಡುಗೆಮನೆ ನೋಡಿ ಅತ್ತೆ," ಎಂದು ನಿತ್ಯಾ ಹೇಳಿ ಕಳಿಸಿದ್ದಳು.

ಸೂಲೂರು ದಾಟಿದರೂ ಊರು ಮುಗಿಯಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈ ದಾರಿಯ ಎರಡೂ ಕಡೆ ಜೋಳದ ಹೊಲವಿತ್ತು. ಈಗ ಒಂದು ಊರಿನ ಕೊನೆಯ ಬೇಕರಿ ಕಣ್ಮರೆಯಾಗುವ ಮೊದಲೇ ಮುಂದಿನ ಊರಿನ ಬೇಕರಿ ಬರುತ್ತದೆ. ನಡುವೆ ಹಳದಿ ಬಣ್ಣ ಬಳಿದ ಸೈಟಿನ ಕಲ್ಲುಗಳು. ಒಂದೆಡೆ ದೊಡ್ಡದೊಂದು ಸ್ವಾಗತ ಕಮಾನು ನಿಂತಿತ್ತು, ಅದರಾಚೆ ಒಂದು ಮನೆಯೂ ಇರಲಿಲ್ಲ. ನೆರಳಿನಲ್ಲಿ ಎರಡು ಮೇಕೆಗಳು ಮಲಗಿದ್ದವು.

ಒಂದು ಗಂಟೆಗೂ ಮಿಕ್ಕಿ ಪ್ರಯಾಣ ಮಾಡಿ ಪಲ್ಲಡಂನಲ್ಲಿ ಇಳಿದೆವು. ಅಲ್ಲಿಂದ ತಿರುಪ್ಪೂರಿನ ಟೌನ್ ಬಸ್ಸು. "ಉಳ್ಳೆ ಪೋಂಗ, ಉಳ್ಳೆ ಪೋಂಗ," ಎಂದು ಕಂಡಕ್ಟರ್ ಎಲ್ಲರನ್ನೂ ಒಳಗೆ ಒತ್ತಿದ. ಪಕ್ಕದಲ್ಲಿ ನಿಂತ ಹುಡುಗಿಯರು ಹಿಂದಿಯಲ್ಲಿ ಮಾತಾಡುತ್ತಿದ್ದರು. ಅವರ ಕೂದಲಲ್ಲಿ ಬನಿಯನ್ ಬಟ್ಟೆಯ ನೂಲಿನ ಎಳೆಗಳು ಅಂಟಿದ್ದವು. ಕಿಟಕಿಯಾಚೆ ಪವರ್‌ಲೂಮಿನ ಸದ್ದು ತುಂಬ ದೂರ ಬಿಡದೆ ಬಂತು.

ಹುಡುಗ ಕಾರ್ತಿಯ ಮನೆ ಮುಖ್ಯ ರಸ್ತೆಯಿಂದ ಒಳಗೆ, ಹೊಸ ಬಡಾವಣೆಯಲ್ಲಿತ್ತು. ಮಾಳಿಗೆಯ ಮನೆ, ಗ್ರಾನೈಟ್ ಮೆಟ್ಟಿಲು. ಬಾಗಿಲ ಬಳಿ ಎರಡು ನೀಲಿ ಡ್ರಮ್ಮುಗಳು, ಒಂದರ ಮೇಲೆ ಸ್ಟೀಲ್ ಚೊಂಬು. ಹೊರಗಿಂದ ಬಂದ ಕಾಲಲ್ಲಿ ಅಣ್ಣ ಯಾರ ಮನೆಯೊಳಗೂ ಹೋಗುವವನಲ್ಲ. ಚೊಂಬು ತೆಗೆದು ಮೂರು ನಾಲ್ಕು ಸಲ ಧಾರಾಳವಾಗಿ ಕಾಲಿಗೆ ಸುರಿದುಕೊಂಡ. ಆಮೇಲೆ ಮುಖ ತೊಳೆದ, ಬಾಯಿ ಮುಕ್ಕಳಿಸಿದ. ಡ್ರಮ್ಮಿನ ತಳಕ್ಕೆ ಚೊಂಬು ತಾಗಿದ ಸದ್ದು ಕೇಳಿತು. ಕಾರ್ತಿಯ ತಾಯಿ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಕೂತೆವು. ಹಣ್ಣು, ಹೂವಿನ ತಟ್ಟೆ ಮುಂದಿಟ್ಟೆವು. ಕಾರ್ತಿ ಕೈಮುಗಿದವನೇ ಸ್ಕೂಟರ್ ಹತ್ತಿ ಹೋಗಿಬಿಟ್ಟ. ಕಾಫಿಯೂ ಬರಲಿಲ್ಲ. ಅಣ್ಣ ಗಡಿಯಾರ ನೋಡಿದ, ಫ್ಯಾನು ನೋಡಿದ. ಕೊನೆಗೆ ಕೇಳಿಯೇಬಿಟ್ಟ.

"ಮಾಪಿಳ್ಳೆ ಎಲ್ಲಿ ಹೋದ್ರು?"

ಮೂಲೆಯಲ್ಲಿ ಕೂತಿದ್ದ ಕಾರ್ತಿಯ ಅಜ್ಜಿ, "ಇನ್ನೆಲ್ಲಿಗೆ? ನೀವು ಕಾಲಿಗೆ ಹೊಯ್ಕೊಂಡ್ರಲ್ಲ, ಆ ನೀರು ಹುಡುಕ್ಕೊಂಡು ಹೋಗವ್ನೆ," ಎಂದರು.

"ಅತ್ತೆ, ಸುಮ್ಮನಿರಿ," ಎಂದು ಕಾರ್ತಿಯ ತಾಯಿ ಗಾಬರಿಯಾದರು.

"ಆಮಾ, ಹೌದಮ್ಮ, ನಾನು ಸುಮ್ಮನಿದ್ರೆ ಕಾಫಿ ಬಂದ್ಬಿಡುತ್ತಾ?"

ಒಂದು ಡ್ರಮ್ಮಿನಲ್ಲಿ ಬೋರಿನ ಉಪ್ಪುನೀರು, ಇನ್ನೊಂದರಲ್ಲಿ ಕುಡಿಯುವ 'ನಲ್ಲ ತಣ್ಣಿ.' ವಾರಕ್ಕೊಮ್ಮೆ ಬರಬೇಕಾದ ನೀರು ಈ ಸಲ ಬಂದಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಅಷ್ಟು ಕುಡಿಯುವ ನೀರನ್ನೇ ಅಣ್ಣ ಕಾಲಿಗೆ ಸುರಿದುಕೊಂಡಿದ್ದ. ನಲ್ಲಿ ತಿರುಗಿಸಿದರೆ ಸಿರುವಾಣಿ ಅಣೆಕಟ್ಟಿನ ಸಿಹಿನೀರು ಸುರಿಯುವ ನಮ್ಮಂಥ ಬೀದಿಯವರಿಗೆ ಡ್ರಮ್ಮಿನಲ್ಲಿ ಭೇದವಿರುತ್ತದೆಂದು ಹೊಳೆಯುವುದಾದರೂ ಹೇಗೆ?

ಅಣ್ಣನ ಮುಖ ಸಣ್ಣದಾಯಿತು. "ಒಂದು ಮಾತು ಹೇಳಬಾರದಿತ್ತಾ ತಾಯಿ?"

"ಸಂಬಂಧ ಮಾಡೋಕೆ ಬಂದೋರ ಕೈಯಿಂದ ಚೊಂಬು ಕಿತ್ಕೊಳ್ಳೋದಾ ಅಣ್ಣ?"

ಕಾರ್ತಿ ಮೊಣಕಾಲವರೆಗೆ ಒದ್ದೆಯಾಗಿ ಬಂದ. ಸ್ಕೂಟರಿನಲ್ಲಿ ಎರಡು ಕ್ಯಾನುಗಳಿದ್ದವು. ಅಡುಗೆಮನೆಗೆ ತಂದಿಟ್ಟಾಗ ನಾನೂ ಹಿಂದೆ ಹೋದೆ. ಒಲೆಯ ಪಕ್ಕದಲ್ಲಿ ಕೊಡಗಳು ಸಾಲಾಗಿದ್ದವು, ಒಂದೊಂದರ ಮೇಲೂ ತಟ್ಟೆ ಮುಚ್ಚಿತ್ತು. ಪಾತ್ರೆಗಳ ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ. ಯಾರೂ ಅದನ್ನು ಅಡಗಿಸಿಟ್ಟಿರಲಿಲ್ಲ.

"ನಾವು ಬಂದಾಗ ಈ ಬೀದೀಲಿ ನಾಲ್ಕೇ ಮನೆ ಆಂಟಿ. ಈಗ ಎದುರಿಗೆ ಕಂಪನಿ ಹಾಸ್ಟೆಲು, ನಮ್ಮ ಮೇಲೇನೇ ಎರಡು ಬಾಡಿಗೆ ಮನೆ. ಪೈಪು ಮಾತ್ರ ಅದೇ," ಎಂದ ಕಾರ್ತಿ. ಸ್ವಲ್ಪ ತಡೆದು, "ನಿತ್ಯಾಗೆ ಇದನ್ನೂ ಹೇಳಿಬಿಡಿ," ಎಂದ.

ಕಾಫಿ ಚೆನ್ನಾಗಿತ್ತು. ಅಣ್ಣ ಅರ್ಧ ಲೋಟ ಸಾಕೆಂದ.

ಹಿಂದಿರುಗುವ ಬಸ್ಸಿನಲ್ಲಿ ಅವನು ಟಿಕೆಟ್ಟನ್ನು ಮಡಿಸಿ ಬಿಚ್ಚುತ್ತ ಕೂತ. "ಹುಡುಗ ಒಳ್ಳೆಯವನೇ. ಆದರೆ ಇವಳನ್ನ ಕೊಡ ಹೊರೋಕೆ ಕಳಿಸ್ಲಾ?" ಎಂದ ಕಡೆಗೆ. ಅಷ್ಟರಲ್ಲಿ ನಿತ್ಯಾಳ ಫೋನು. ನೋಡಿದ್ದನ್ನೆಲ್ಲ ಹೇಳಿದೆ, ಕಾಲು ತೊಳೆದದ್ದೂ ಸೇರಿ. ಅವಳು ನಗಲಿಲ್ಲ.

"ನೀವಾದ್ರೆ ಅಲ್ಲಿ ಇರ್ತೀರಾ ಅತ್ತೆ?"

"ನನ್ನ ಕೈಲಿ ಆಗಲ್ಲಮ್ಮ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಸರಿ. ಹಾಗಿದ್ರೆ ನಾನೇ ಹೋಗಿ ನೋಡ್ತೀನಿ. ನೀರು ಬರೋ ದಿನವೇ ಹೋಗ್ಬೇಕು. ಯಾವತ್ತು ಅಂತ ಕೇಳಿ."

ಅಣ್ಣ ಕಿಟಕಿಯ ಕಡೆ ತಿರುಗಿದ. ಆಮೇಲೆ ಕಾರ್ತಿಯ ಮನೆಯ ನಂಬರು ಹುಡುಕಿ ಕೊಟ್ಟ. ನಾನು ಕಾರ್ತಿಯ ತಾಯಿಗೆ ಫೋನ್ ಮಾಡಿದೆ.

"ಯಾವತ್ತು ಬರುತ್ತೆ ಅಂತ ಗೊತ್ತಿದ್ರೆ ನಾವೂ ನೆಂಟರ ಮನೆಗೆ ಹೋಗಿ ಬರ್ತಿರ್ಲಿಲ್ವಾ ಅಕ್ಕ!" ಅವರು ನಕ್ಕರು. "ಬಂದ ಕೂಡ್ಲೆ ಫೋನ್ ಮಾಡ್ತೀವಿ. ಬಸ್ ಹತ್ತಿ ಬಂದ್ಬಿಡ್ಲಿ."

ಇನ್ನೂ ಫೋನ್ ಬಂದಿಲ್ಲ. ನಿತ್ಯಾ ಈಗ ಶಾಲೆಗೆ ಪಾಠ ಹೇಳಲು ಹೋಗುವಾಗ ನೀರು ಹೊರಲೆಂದು ಒಂದು ಹಳೆಯ ಚೂಡಿದಾರ್ ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಾಳೆ.