ಏನ್ಗೆದಿಯ ಕಣ್ಣು

ಅಮೆರಿಕದ ಆಸ್ಟಿನ್‌ನಲ್ಲಿ ಎಂ.ಎ. ಓದುವಾಗ ಒಂದು ಸೆಮಿಸ್ಟರ್ ಪ್ರಾಚೀನ ಹೀಬ್ರೂ ಭಾಷೆಯ ತರಗತಿಗೆ ಸೇರಿದೆ. ಮೈಸೂರಿನ ಹತ್ತಿರದ ಕ್ರೈಸ್ತ ಮನೆಯವಳು ನಾನು. ಬೇತ್ಲೆಹೇಮ್, ಬೇರ್ಷೆಬ ಎಂಬ ಬೈಬಲಿನ ಊರುಗಳ ಹೆಸರನ್ನು ಕನ್ನಡದಲ್ಲೇ ಕೇಳಿ ಬೆಳೆದವಳು. ಆ ಹೆಸರುಗಳಿಗೆ ಅರ್ಥವಿರಬಹುದೆಂದು ಮಾತ್ರ ಎಂದೂ ಯೋಚಿಸಿರಲಿಲ್ಲ. ಬೇತ್ ಎಂದರೆ ಮನೆ, ಲೆಹೆಮ್ ಎಂದರೆ ರೊಟ್ಟಿ. ಬೇರ್ ಎಂದರೆ ಬಾವಿ. ಷೆಬ ಎಂದರೆ ಏಳು ಎನ್ನುವವರೂ ಇದ್ದಾರೆ, ಆಣೆ ಎನ್ನುವವರೂ ಇದ್ದಾರೆ.

ತರಗತಿಯಲ್ಲಿ ಒಬ್ಬೊಬ್ಬರಿಗೂ ಅಂಥ ಒಂದೊಂದು ಊರಿನ ಹೆಸರು ಬಿಡಿಸಲು ಕೊಟ್ಟರು. ನನ್ನ ಪಾಲಿಗೆ ಬಂದ ಊರು ಏನ್ಗೆದಿ. ಗೆದಿ ಎಂದರೆ ಮೇಕೆಮರಿ. ಏನ್ ಎಂದರೆ ನೀರಿನ ಚಿಲುಮೆ. ಕಣ್ಣಿಗೂ ಅದೇ ಪದ. "ಚಿಲುಮೆಗೆ ಕಣ್ಣಿನ ಹೆಸರು ಯಾಕೆ?" ಎಂದು ಪ್ರೊಫೆಸರ್ ಕೇಳಿದರು. ನನಗೆ ಅಪ್ಪನ ನೆನಪಾಯಿತು. ನನ್ನ ಅಪ್ಪ ಬಾವಿ ತೋಡುವ ಮೇಸ್ತ್ರಿ. ಮನೆಗೆ ಬಂದವಳೇ ಫೋನ್ ಮಾಡಿದೆ.

"ಅಪ್ಪಾ, ಬಾವಿ ತಳದಲ್ಲಿ ನೀರು ಬರೋ ಜಾಗಕ್ಕೆ ಏನಂತೀರಿ?"

"ಕಣ್ಣು ಅಂತೀವಿ. ಇದನ್ನ ಕೇಳೋಕೆ ಅಲ್ಲಿಂದ ಫೋನ್ ಮಾಡಿದ್ಯಾ?"

"ಯಾಕೆ ಕಣ್ಣು?"

"ಬಂಡೆ ಸಂದಿಯಲ್ಲಿ ಮೊದಲು ಒಂಚೂರು ಒದ್ದೆ ಹೊಳೆಯುತ್ತಮ್ಮ. ಆಮೇಲೆ ತಾನಾಗೇ ತುಂಬ್ಕೊಳ್ಳುತ್ತೆ. ಕೆಳಗಿಂದ ಯಾರೋ ನಮ್ಮನ್ನ ನೋಡಿದ ಹಾಗೆ."

ಮುಂದಿನ ತರಗತಿಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿದ್ದು ಯಾರು, ಅವರ ಕಸುಬು ಏನು ಎನ್ನುವುದನ್ನೂ ಹೇಳಿದೆ. ಪ್ರೊಫೆಸರ್ ಪೆನ್ನು ತೆಗೆದು ಬರೆದುಕೊಂಡರು.

ಆ ಭಾನುವಾರ ಪಕ್ಕದ ಲಿಯಾಂಡರ್ ಊರಿನಲ್ಲಿರುವ ಕನ್ನಡದ ಅಂಕಲ್ ಒಬ್ಬರ ಮನೆಯಲ್ಲಿ ಊಟ. ಈ ಸಂಗತಿ ಕೇಳಿ ಅವರು ಸಾರಿನ ಸೌಟನ್ನು ಕೆಳಗಿಟ್ಟರು.

"ಹಂಗಾದ್ರೆ ಹೀಬ್ರೂ ಹುಟ್ಟಿದ್ದೇ ನಮ್ಮ ಕನ್ನಡದಿಂದ! ಕನ್ನಡ ಸಂಘದಲ್ಲಿ ಒಂದು ಸ್ಪೀಚ್ ಕೊಡು."

"ಇಲ್ಲ ಅಂಕಲ್, ಎರಡೂ ಬೇರೆ ಬೇರೆ ಭಾಷೆ. ನೀರು ನೋಡಿದವರಿಗೆ ಎರಡೂ ಕಡೆ ಒಂದೇ ಥರ ಕಂಡಿದೆ, ಅಷ್ಟೇ."

"ಅಷ್ಟು ಗ್ಯಾರಂಟಿಯಾಗಿ ಹೇಳ್ತೀಯಾ?"

"ಹೇಳ್ತೀನಿ. ಸ್ಪೀಚ್‌ನಲ್ಲೂ ಅದನ್ನೇ ಹೇಳೋದು."

ಅಂಕಲ್ ಮುಖ ಸಪ್ಪಗಾಯಿತು. ಆದರೂ ಸಂಘದಲ್ಲಿ ನನ್ನ ಹೆಸರು ಕೊಟ್ಟರು. ಭಾಷಣದ ಮೊದಲ ವಾಕ್ಯದಲ್ಲೇ, ಈ ಎರಡು ಭಾಷೆಗಳಿಗೆ ನೆಂಟಸ್ತಿಕೆ ಇಲ್ಲ ಎಂದೆ. ಹಿಂದಿನ ಸಾಲಿನವರಿಬ್ಬರು ಎದ್ದು ಕಾಫಿಗೆ ಹೋದರು. ನನಗೆ ಬೇಸರವಾಗಲಿಲ್ಲ, ಉಳಿದವರು ಕದಲಲಿಲ್ಲ.

ಮುಗಿದ ಮೇಲೆ ಧಾರವಾಡದ ಕಡೆಯ ಆಂಟಿಯೊಬ್ಬರು ಬಂದು ಕೈ ಹಿಡಿದುಕೊಂಡರು. "ನಮ್ಮೂರ ಹೆಸರಿಗೂ ಏನರ ಅರ್ಥ ಇರಬೇಕಲ್ರಿ?"

"ಇರುತ್ತೆ ಆಂಟಿ. ನನಗೆ ಗೊತ್ತಿಲ್ಲ, ಹುಡುಕಿ ಹೇಳ್ತೀನಿ," ಎಂದು ಊರಿನ ಹೆಸರು ಬರೆದುಕೊಂಡೆ. ಅವರ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು.